ಇಲ್ಲಿಯವರೆಂದು ಬರೆದುಕೊಡುವ ಕೆಲಸ

ಇಪ್ಪತ್ತಾರು ವರ್ಷ ನನ್ನ ಮೇಜು
ಕೌನ್ಸಿಲ್ ಕಚೇರಿಯ ಎರಡನೇ ಕೋಣೆಯಲ್ಲಿತ್ತು.
ಕಿಟಕಿಯಾಚೆ ಪಾಪಾಸುಕಳ್ಳಿಯ ಬೇಲಿ, ಅದರಾಚೆ
ಬ್ರಿಟಿಷರು ತವರ ಬಗೆದು ಬಿಟ್ಟುಹೋದ ಹೊಂಡ.
ಬೇಸಿಗೆಯಲ್ಲೂ ಬತ್ತದ ಆ ನೀರಿಗೆ ಹುಡುಗರು ಧುಮುಕುತ್ತಿದ್ದರು.
ಒದ್ದೆ ಬೆನ್ನುಗಳಲ್ಲಿ ಯಾವುದು ಬೆರೋಮ್, ಯಾವುದು ಹೌಸಾ
ನನಗೂ ಹೇಳಲಾಗುತ್ತಿರಲಿಲ್ಲ, ಅಷ್ಟು ದೂರದಿಂದ.
ಹತ್ತಿರ ಬಂದಾಗ ಹೇಳುವುದಕ್ಕೇ ನನಗೆ ಸಂಬಳ.

ಸಣ್ಣ ಕಾಗದ. ಹೆಸರು, ತಂದೆಯ ಹೆಸರು, ತಾತನ ಊರು,
'ಈ ವ್ಯಕ್ತಿ ಇಲ್ಲಿಯ ಮೂಲನಿವಾಸಿ' ಎಂಬ ಒಂದೇ ಸಾಲು.
ಅದಿದ್ದರೆ ಕಾಲೇಜು, ಪೊಲೀಸು, ಶಾಲೆಯಲ್ಲಿ ಜವಾನನ ಕೆಲಸ.
ಇಲ್ಲದಿದ್ದರೆ ಹುಟ್ಟಿದ ಊರಲ್ಲೇ ನೆಂಟ,
ಮೂರು ತಲೆಮಾರಿನಿಂದ ಎದ್ದುಹೋಗದ ನೆಂಟ.

ಲಾರಾಯ್ ಬಂದಳು. ಬುಧವಾರ ಹುಟ್ಟಿದವಳಿಗೆ ಇಡುವ ಹೆಸರು;
ವಾರ ಅವಳ ಹೆಸರಲ್ಲೇ ಇತ್ತು,
ಊರನ್ನು ಮಾತ್ರ ನಾನು ಬರೆಯಬೇಕಿತ್ತು.
ಅವಳ ತಾಯಿಯ ಅಲಸಂದೆ ವಡೆ ತಿಂದೇ
ನಾನು ದಿನಾ ಕಚೇರಿಯ ಬೀಗ ತೆಗೆಯುತ್ತಿದ್ದದ್ದು.
'ನರ್ಸಿಂಗ್ ಶಾಲೆಗೆ ಬೇಕು, ಬಾಬಾ ಚೊಲ್ಲೊಮ್.'
ಯಾವೂರು? 'ಇದೇ.' ಅದಕ್ಕೂ ಮೊದಲು? 'ಅಮ್ಮನೂ ಇಲ್ಲೇ.'
ಅದಕ್ಕೂ ಮೊದಲು?
ಮುತ್ತಾತ ಕಾನೊದಿಂದ ನಡೆದು ಬಂದನಂತೆ, ತವರ ಅಗೆಯಲು.
ತವರ ಅಗೆದವನ ಮರಿಮಗಳಿಗೆ ತವರು ಯಾವುದು
ಎಂದು ಕೇಳುವ ಅಂಕಣ ನಮೂನೆಯಲ್ಲಿರಲಿಲ್ಲ.

ಚುನಾವಣೆಗೆ ಎರಡು ತಿಂಗಳಿತ್ತು.
ಅಧ್ಯಕ್ಷ ದಲ್ಯೋಪ್ ಒಳಗೆ ಕರೆದು, ಬಾಗಿಲು ಮುಂದಕ್ಕೆ ತಳ್ಳಿ
'ಅವರದು ನಿಧಾನ ಮಾಡು' ಎಂದರು.
'ಇಲ್ಲ ಅನ್ನಬೇಡ. ನಿಧಾನ ಮಾಡು.'
ಇಷ್ಟೇ. ಆದೇಶವಿಲ್ಲ, ಸುತ್ತೋಲೆಯಿಲ್ಲ, ಕಡತದಲ್ಲಿ ಒಂದು ಗೀಟಿಲ್ಲ.
ನಾನು ಗದರಲಿಲ್ಲ, ಲಂಚ ಕೇಳಲಿಲ್ಲ. ನಾಳೆ ಬಾ ಎಂದೆ.
ನಾಳೆ ಬಂದವಳಿಗೂ ನಾಳೆ ಬಾ ಎಂದೆ.
ನಮ್ಮವರ ಅರ್ಜಿಗೆ ಮಧ್ಯಾಹ್ನದೊಳಗೆ ಮೊಹರು ಬಿದ್ದು
ಶಾಯಿ ಒಣಗುವ ಮೊದಲೇ ಜೇಬು ಸೇರುತ್ತಿತ್ತು.
ಬೀದಿಗೆ ಗೊತ್ತಾಗಲು ಸುತ್ತೋಲೆ ಬೇಕೆ?

'ಆ ಹುಡುಗಿಗೆ ಕೊಟ್ಟೆಯಾ?' ಹೆಂಡತಿ ಕಾನೆಂಗ್ ಕೇಳಿದಳು.
ಕೆಲಸ ನಡೆದಿದೆ ಎಂದೆ. ಸುಳ್ಳಲ್ಲ,
ಆ ಕಾಗದ ಅಲುಗದಂತೆ ನೋಡಿಕೊಳ್ಳುವುದೇ ಆಗ ನನ್ನ ಕೆಲಸ.

ನಾಲ್ಕನೆಯ ಸಲ ಅವಳು ಬರಲಿಲ್ಲ, ತಮ್ಮ ಬಿಲ್ಯಾ ಬಂದ.
ಜೊತೆಗೆ ಏಳು ಜನ. ಯಾರ ಕೈಯಲ್ಲೂ ಏನೂ ಇರಲಿಲ್ಲ.
ಮುಂದಿನ ವಾರ ಇತ್ತು. ನಮ್ಮ ಹುಡುಗರ ಕೈಯಲ್ಲೂ.

ಹರ್ಮಟಾನ್ ಗಾಳಿ ದೂಳು ಸುರಿದ ಮುಂಜಾನೆ
ಊರು ಹೊತ್ತಿಕೊಂಡಿತು.
ವಡೆಯ ಬಾಣಲೆ ಗಲ್ಲಿಯ ನಡುವೆ ಬೋರಲು ಬಿದ್ದಿತ್ತು.
ನನ್ನ ಅಣ್ಣನ ಆಚಾ ಬಣವೆ ಮೂರು ದಿನ ಹೊಗೆಯಾಡಿತು.
ಹೊಂಡದಿಂದ ಮೇಲೆತ್ತಿ ಸಾಲಾಗಿ ಮಲಗಿಸಿದಾಗ
ಒದ್ದೆ ಬೆನ್ನುಗಳಲ್ಲಿ ಯಾವುದು ಯಾರದೆಂದು
ಹೇಳಲಾಗಲಿಲ್ಲ ನನಗೆ, ಈ ಸಲ ಹತ್ತಿರದಿಂದಲೂ.

ರಾಜಧಾನಿಯಿಂದ ಆಯೋಗ ಬಂತು. ಮೊದಲ ಕಲ್ಲು
ಯಾವ ಗಲ್ಲಿಯಿಂದ ಹಾರಿತೆಂದು ಹತ್ತೊಂಬತ್ತು ದಿನ ವಿಚಾರಿಸಿತು.
ನನ್ನ ಮೇಜಿನ ಖಾನೆ ಎಳೆದು ನೋಡಲಿಲ್ಲ;
ಅದರಲ್ಲಿ ಇನ್ನೂರ ಹದಿನಾಲ್ಕು ನಾಳೆಗಳಿದ್ದವು.
ಮಾಡು ಸುಟ್ಟಿತ್ತು, ಮೊಹರಿನ ರಬ್ಬರು ಕರಗಿ ಮೇಜಿಗೆ ಅಂಟಿತ್ತು.
ಪರಿಹಾರದ ಹಣಕ್ಕಿಂತ ಮೊದಲು ಹೊಸ ಮೊಹರು ಬಂತು.

ಲಾರಾಯ್ ಮತ್ತೆ ಬಂದಳು, ತಮ್ಮನ ಮರಣಪತ್ರಕ್ಕೆ.
ಆ ನಮೂನೆಯಲ್ಲೂ ಒಂದು ಅಂಕಣ: ಊರು.
ಕೇಳಲಿಲ್ಲ ನಾನು. ಈ ಊರಿನ ಹೆಸರನ್ನೇ ಬರೆದೆ.
ಸತ್ತವನನ್ನು ಇಲ್ಲಿಯವನೆಂದು ಬರೆದುಕೊಡಲು
ಅಧ್ಯಕ್ಷರ ಸಹಿಯೂ ಬೇಡ, ನಾಳೆಯೂ ಬೇಡ.
ಅವಳು ಆ ಒಂದು ಪದವನ್ನು ತುಂಬ ಹೊತ್ತು ಓದಿದಳು.

ಶುಲ್ಕ ಇನ್ನೂರು ನೈರಾ.
ತೆಗೆದುಕೊಂಡೆ. ರಸೀದಿ ಹರಿದು ಕೊಟ್ಟೆ.